ಸಿದ್ದಲಿಂಗಣ್ಣನ ಕಾಲು ನಿಂತ ಹೊತ್ತು

ಸಿದ್ದಲಿಂಗಣ್ಣನ ಮೇಜಿನ ಮೇಲೆ ಹೊಲಿಗೆ ಮಿಷನ್ ಇರಲಿಲ್ಲ. ಮೇಜಿನ ಕೆಳಗೆ ಅವರ ಕಾಲು ಮಾತ್ರ ತುಳಿಯುತ್ತಲೇ ಇತ್ತು. ಮೂವತ್ತು ವರ್ಷ ಟೈಲರ್ ಆಗಿದ್ದವರು. ರೆಡಿಮೇಡ್ ಬಂದು ಹೊಲಿಸುವವರು ಕಡಿಮೆಯಾದ ಮೇಲೆ ಮಿಷನ್ನನ್ನು ಬಿಚ್ಚಿ ಮಾರಿ, ಅದೇ ಮೇಜು ಇಟ್ಟುಕೊಂಡು ಹಿಂದೂಪುರದ ಬಸ್‌ಸ್ಟ್ಯಾಂಡ್ ಹಿಂದಿನ ಗಲ್ಲಿಯಲ್ಲಿ ಮೊಬೈಲ್ ರಿಪೇರಿಗೆ ಕೂತರು. ಪೆಡಲ್ಲು, ಚಕ್ರ ಹಾಗೇ ಉಳಿದವು. ಯಾರದಾದರೂ ಫೋನು ಕೈಗೆ ಬಂದರೆ ಸಾಕು, ಕೆಳಗೆ ಚಕ್ರ ಕಿರ್ ಕಿರ್ ಎಂದು ಶುರುವಾಗುತ್ತಿತ್ತು. ರೋಗ ಏನೆಂದು ಸಿಕ್ಕಿದ ಮೇಲೇ ಅದು ನಿಲ್ಲುವುದು. ಹಾಗಾಗಿ ಗಿರಾಕಿಗಳು ಅವರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು.

ಟೈಲರ್ ಚಾಕ್‌ಪೀಸನ್ನೂ ಅವರು ಬಿಟ್ಟಿರಲಿಲ್ಲ. ಮಾಡಿ ನೋಡಿದ್ದಕ್ಕೆಲ್ಲ ಮೇಜಿನ ಮೇಲೆ ಒಂದೊಂದು ಗೀಟು ಎಳೆಯುತ್ತಿದ್ದರು. ಬಾಕಿ ಇರುವ ಕೆಲಸ ಪಕ್ಕದ ಗೋಡೆಯ ಮೇಲೆ. ಮುಗಿದರೆ ಅಂಗೈಯಲ್ಲಿ ಒರೆಸುವುದು. ಫೋನು ಮುಟ್ಟುವ ಮೊದಲು ಪೊಲೀಸರ ಹಾಗೆ ವಿಚಾರಣೆ ಬೇರೆ. ಒಮ್ಮೆ ಹಾಲಿನವನೊಬ್ಬ, ಲೆಕ್ಕದ ಆ್ಯಪು ಅರ್ಧಕ್ಕೇ ನಿಂತುಹೋಗುತ್ತದೆ ಎಂದು ಬಂದಿದ್ದ.

"ನಾನೇನೂ ಮಾಡಿಲ್ಲಣ್ಣ. ಅದರ ಪಾಡಿಗೆ ಅದು ಕೆಟ್ಟೋಯ್ತು."

"ಅದರ ಪಾಡಿಗೆ ಕೆಡಾಕೆ ಅದೇನು ನಿನ್ನ ಹಾಲೇನ್ಲಾ? ಕೆಡೋಕ್ ಮುಂಚೆ ಏನು ಒತ್ತಿದ್ದೆ, ಅದು ಹೇಳು."

ಅವನು ತಲೆ ಕೆರೆದುಕೊಂಡು, ಬ್ಯಾಟರಿ ಉಳಿಯಲಿ ಅಂತ ಏನೋ ಒತ್ತಿದ್ದೆ ಎಂದ. ಕಾಲು ನಿಂತಿತು. ಆ ಬ್ಯಾಟರಿ ಉಳಿಸುವುದೇ ಆ್ಯಪಿನ ಕತ್ತು ಹಿಸುಕುತ್ತಿತ್ತು.

ಅವರದು ಇನ್ನೊಂದು ಹಟ. ಕನ್ನಡದ ಮನೆಯವರು ಹೊಸ ಫೋನು ತಂದರೆ ಕೇಳದೆಯೇ ಅದರ ಭಾಷೆಯನ್ನು ಕನ್ನಡ ಮಾಡಿ ಕೊಡುವುದು. ನನಗೂ ನನ್ನ ಗಂಡನಿಗೂ ಒಂದೇ ದಿನ ಕೊಂಡ ಒಂದೇ ಥರದ ಫೋನುಗಳು. ಎರಡಕ್ಕೂ ಅದೇ ಆಯಿತು. "ತೆಲುಗು ಹೆಂಗೂ ಊರ್ ತುಂಬ ಐತೆ. ಕೈಯಾಗಿರೋ ಫೋನಾದ್ರೂ ನಮ್ದು ಮಾತಾಡ್ಲಿ ಕಣಮ್ಮ" ಅಂದಿದ್ದರು. ನನಗೆ ಅದು ಇಷ್ಟವಾಗಿತ್ತು.

ನಾನು ಆಗ ಕಲ್ಯಾಣದುರ್ಗದ ಶಾಲೆಯಲ್ಲಿ ಟೀಚರ್. ಗಂಡ, ಮಗಳು ಹಿಂದೂಪುರದಲ್ಲಿ. ಎಂಟು ವರ್ಷ ಶಾಲೆಯ ಊರಲ್ಲೊಂದು ರೂಮು ಮಾಡಿಕೊಂಡು, ಶನಿವಾರ ಬಂದು ಸೋಮವಾರ ಮೊದಲ ಬಸ್ಸಿಗೆ ಹೋಗುತ್ತಿದ್ದೆ. ಮಗಳು ಗೆಳತಿಯರಿಗೆ ನನ್ನನ್ನು "ಶನಿವಾರದ ಅಮ್ಮ" ಎಂದು ಹೇಳುತ್ತಿದ್ದಳು. ತಮಾಷೆಗೇ ಹೇಳುತ್ತಿದ್ದಳು, ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ಕೊನೆಗೊಂದು ಸಲ ವರ್ಗಾವಣೆ ಕೇಳುವ ಅವಕಾಶ ಬಂತು. ಬೇಕಾದ ಊರನ್ನು ಇಲಾಖೆಯ ಆ್ಯಪಿನಲ್ಲಿ ತುಂಬಬೇಕು, ಅದೂ ಮೊದಲೇ ನೋಂದಾಯಿಸಿದ ಫೋನಿನಲ್ಲೇ. ಬೇರೆ ಫೋನಿನಲ್ಲಿ ಊರುಗಳ ಪಟ್ಟಿ ನೋಡಬಹುದು, ತುಂಬುವ ಹಾಗಿಲ್ಲ. ನನ್ನದರಲ್ಲಿ ಪಟ್ಟಿ ತೆರೆದರೆ ಸಾಕು, "ಆ್ಯಪ್ ಪದೇ ಪದೇ ಸ್ಥಗಿತಗೊಳ್ಳುತ್ತಿದೆ" ಎಂದು ಬಂದು ಎಲ್ಲ ಮಾಯ. ಕಲ್ಯಾಣದುರ್ಗದ ಅಂಗಡಿಯವನು ಫೋನಿನಲ್ಲಿರುವುದೆಲ್ಲ ಅಳಿಸಿ ನೋಡೋಣ ಎಂದ. ನೋಂದಣಿಯೂ ಹೋದರೆ ಎಂದು ಹೆದರಿ ಫೋನು ಕಸಿದುಕೊಂಡು ಬಸ್ಸು ಹತ್ತಿದೆ. ಅವತ್ತು ಶನಿವಾರ, ಸಂಜೆ ಐದಕ್ಕೆ ಕೊನೆ. ಪೆನುಕೊಂಡ ದಾಟುವಷ್ಟರಲ್ಲಿ ನಲವತ್ತು ಸಲವಾದರೂ ಒತ್ತಿದ್ದೆ.

ಸಿದ್ದಲಿಂಗಣ್ಣ ಫೋನು ಆರಿಸಿ ಹಚ್ಚಿದರು. ಒಂದು ಗೀಟು. ಜಾಗ ಖಾಲಿ ಮಾಡಿದರು. ಎರಡನೆಯದು. ಆ್ಯಪ್ ಹೊಸದು ಮಾಡಿದರು, ಅದರ ಹಳೇ ಕಸ ತೆಗೆದರು. ನಾಲ್ಕು ಗೀಟಾದರೂ ಕಾಲು ತುಳಿಯುತ್ತಲೇ ಇತ್ತು. ಗಡಿಯಾರದಲ್ಲಿ ಮೂರಾಯಿತು.

"ಎಲ್ಲಾ ಒಟ್ಟಿಗೆ ಮಾಡ್ಬುಡಿ ಅಣ್ಣ, ಟೈಮಿಲ್ಲ."

"ಆಗಮ್ಮಾ" ಎಂದರು. ರೇಗಿದರೆ ಅವರು ತೆಲುಗಿಗೆ ಹೊರಳುತ್ತಿದ್ದರು. ತಾಳು ಎಂದು ಅದರ ಅರ್ಥ. "ಒಟ್ಟಿಗೆ ಮಾಡಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಹೆಂಗೆ ಗೊತ್ತಾಗ್ತೈತೆ?"

"ಆ ಕಾಲಾದ್ರೂ ಒಂದ್ನಿಮಿಷ ನಿಲ್ಸಿ ಅಣ್ಣ, ಆ ಸದ್ದಿಗೆ ನನ್ನ ಜೀವ ಹೋಗ್ತೈತೆ."

"ಇದು ನಿಂತ್ರೆ ನನ್ನ ತಲೆ ಓಡಲ್ಲ ಕಣಮ್ಮ. ನಿಮ್ಮನೇರ ಫೋನೂ ಇಂಥದೇ ಅಲ್ವಾ? ತರ್ಸು."

ನನ್ನ ಗಂಡ ಓಡಿ ಬಂದರು. ಅವರ ಫೋನಿಗೆ ಅದೇ ಆ್ಯಪ್ ಹಾಕಿದರೆ ಪಟ್ಟಿ ಸಲೀಸಾಗಿ ತೆರೆಯಿತು. ಸಿದ್ದಲಿಂಗಣ್ಣ ಎರಡೂ ಫೋನುಗಳನ್ನು ಒಂದೇ ಅಂಗಿಯ ಎರಡು ತೋಳಿನ ಹಾಗೆ ಅಕ್ಕಪಕ್ಕ ಇಟ್ಟು, ಒಂದೊಂದೇ ಪುಟ ತೆಗೆದು ಹೋಲಿಸುತ್ತಾ ಹೋದರು. ನಾನು ಗಲ್ಲಿಯ ಬಾಯಿಗೆ ಹೋಗಿ ಬಂದೆ, ಮತ್ತೆ ಹೋದೆ. ನಾಲ್ಕು ಗಂಟೆ ದಾಟಿತ್ತು. ವಾಪಸ್ ಬರುವಾಗ ಕಿರ್ ಕಿರ್ ಕೇಳಿಸಲಿಲ್ಲ.

ಕಾಲು ನಿಂತಿತ್ತು. ಆದರೆ ಅವರ ಮುಖದಲ್ಲಿ ಯಾವತ್ತಿನ ಖುಷಿ ಇರಲಿಲ್ಲ.

"ಟೀಚರಮ್ಮ, ಇದು ನಾನೇ ಮಾಡಿದ್ ಕೆಲ್ಸ" ಎಂದರು. "ನಿಮ್ಮನೇರು ಫ್ಯಾಕ್ಟ್ರಿಗೆ ಸೇರಿದ್ ಮೇಲೆ ಇಂಗ್ಲಿಷ್ ಮಾಡ್ಕೊಂಡವ್ರೆ. ನಿಂದು ಕನ್ನಡದಾಗೈತೆ. ಕನ್ನಡ ಕಂಡ್ರೆ ಈ ಆ್ಯಪು ನಿಂತ್ಬುಡ್ತೈತೆ."

ಅವರೇ ನನ್ನ ಫೋನನ್ನೂ ಇಂಗ್ಲಿಷಿಗೆ ಬದಲಾಯಿಸಿದರು. ಪಟ್ಟಿ ತೆರೆಯಿತು. ಅಷ್ಟಕ್ಕೇ ನಂಬದೆ ಮೂರು ಸಲ ಮುಚ್ಚಿ ತೆರೆದು ನೋಡಿದರು. ನನಗೆ ಅವರ ಕೈ ಕಚ್ಚುವಷ್ಟು ಅವಸರ. ನಾಲ್ಕೂ ನಲವತ್ತಕ್ಕೆ ಹಿಂದೂಪುರ ತುಂಬಿ ಕಳಿಸಿದೆ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

"ಆರ್ಡ್ರು ಬಂದ್ಮೇಲೆ ಬಾ. ವಾಪಸ್ ಕನ್ನಡ ಮಾಡ್ಕೊಡ್ತೀನಿ."

"ನಾನೇ ಮಾಡ್ಕೋತೀನಿ ಬಿಡಿ ಅಣ್ಣ."

"ಬ್ಯಾಡ. ಹಾಕಿದ್ದೂ ನಾನು, ತೆಗೆದಿದ್ದೂ ನಾನು. ನಾನೇ ಹಾಕ್ತೀನಿ." ಹಾಗೆಂದು ಗೋಡೆಯ ಮೇಲೆ ಬರೆದುಕೊಂಡರು.

ಹಿಂದೂಪುರವೇ ಸಿಕ್ಕಿತು. ದಿನಾ ಅದೇ ಗಲ್ಲಿಯ ಮುಂದೆ ಸ್ಕೂಟಿಯಲ್ಲಿ ಶಾಲೆಗೆ ಹೋಗುತ್ತಿದ್ದೆ. ಚಕ್ರದ ಸದ್ದು ಕೇಳಿಸುತ್ತಿತ್ತು. ನಾಳೆ ಹೋದರಾಯಿತು ಎಂದುಕೊಳ್ಳುತ್ತಿದ್ದೆ. ಒಂದು ದಿನ ಅವರು ಟೀ ಅಂಗಡಿಯ ಹತ್ತಿರ ನಿಂತಿದ್ದರು, "ಆರ್ಡ್ರು ಬಂತಾ ಟೀಚರಮ್ಮ?" ಎಂದು ಕೂಗಿದರು. "ಬಂತಣ್ಣ, ಬತ್ತೀನಿ" ಎಂದೆ. ಸ್ಕೂಟಿ ನಿಲ್ಲಿಸಲಿಲ್ಲ. ಅದೇ ಕೊನೆ. ದೀಪಾವಳಿ ರಜೆಯಲ್ಲಿ ನಾವು ಊರಲ್ಲಿಲ್ಲದಾಗ ಹೃದಯಾಘಾತವಾಗಿ ಹೋಗಿಬಿಟ್ಟರಂತೆ.

ಶಾಲೆ ಶುರುವಾದ ದಿನ ಚಕ್ರದ ಸದ್ದಿಲ್ಲದ್ದು ಗಮನಕ್ಕೆ ಬಂದು ಗಲ್ಲಿಯೊಳಗೆ ಹೋದೆ. ಅಂಗಡಿಯನ್ನು ಬೇರೆಯವರು ಬಾಡಿಗೆಗೆ ಹಿಡಿದಿದ್ದರು. ಒಬ್ಬ ಸುಣ್ಣ ಕಲಸುತ್ತಿದ್ದ. ಗೋಡೆಯ ಮೇಲಿನ ಕೆಲಸಗಳೆಲ್ಲ ಮುಗಿದು ಒರೆಸಿಹೋಗಿದ್ದವು. ಒಂದೇ ಒಂದು ಸಾಲು ಉಳಿದಿತ್ತು: "ಟೀಚರಮ್ಮ, ಕನ್ನಡ."

ಸುಣ್ಣದವನಿಗೆ ಸ್ವಲ್ಪ ನಿಲ್ಲಲು ಹೇಳಿ, ಆ ಮೇಜಿನ ಮುಂದೆ ನಿಂತು ಫೋನು ತೆಗೆದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡದವರೆಗೆ ಬೆರಳು ಹೋಯಿತು. ನಾನೇ ಹಾಕ್ತೀನಿ ಎಂದಿದ್ದರಲ್ಲ. ಒತ್ತಲು ಆಗಲಿಲ್ಲ. ನನ್ನ ಫೋನು ಇವತ್ತಿಗೂ ಇಂಗ್ಲಿಷಿನಲ್ಲೇ ಇದೆ.