ಇಲಿಗಳಿಗೆ ದಾರಿ ತಪ್ಪಿದ ದಿನ

ಸಂತೇಬೆನ್ನೂರಿನ ದುರುಗಕ್ಕ ಮನೆಯಲ್ಲಿ ಮೆಕ್ಕೆಜೋಳದ ಚೀಲ ಕಡಿಯುವ ಇಲಿಗಳಿಗೆ ಬೋನು ಇಡುತ್ತಿದ್ದಳು. ಚನ್ನಗಿರಿ ಹತ್ತಿರದ ಫಾರ್ಮಸಿ ಕಾಲೇಜಿಗೆ ಬಂದು ಬಿಳಿ ಇಲಿಗಳಿಗೆ ಹೊತ್ತುಹೊತ್ತಿಗೆ ಕಾಳು, ನೀರು ಇಡುತ್ತಿದ್ದಳು. ಹನ್ನೆರಡು ವರ್ಷದಿಂದ ಅದೇ ಕೆಲಸ. ಅತ್ತೆ ಚುಡಾಯಿಸಿದರೆ, "ಮನೇವು ಕಳ್ಳರು ಅತ್ತೆ, ಕಾಲೇಜಿನವು ನೌಕರಿ ಮಾಡ್ತಾವೆ" ಎನ್ನುತ್ತಿದ್ದಳು.

ಕಳೆದ ವರ್ಷ ಎಂ.ಫಾರ್ಮಾ ಓದುತ್ತಿದ್ದ ಶಾಂತಲಾ ಒಂದು ಪ್ರಯೋಗ ಕೈಗೆತ್ತಿಕೊಂಡಳು. ಎಚ್ಚರ, ಗಾಬರಿಯ ಹೊತ್ತಿನಲ್ಲಿ ಮಿದುಳಿನಲ್ಲಿ ನೊರಾಡ್ರಿನಲಿನ್ ಎಂಬ ರಸ ಹೆಚ್ಚುತ್ತದೆ. ಅದರ ಕೆಲಸ ತಡೆಯುವ ಔಷಧಿ ಕೊಟ್ಟರೆ ಇಲಿ ಜಾಗ ಕಲಿತು ನೆನಪಿಟ್ಟುಕೊಳ್ಳುವುದು ಏನಾಗುತ್ತದೆ? ದುಂಡನೆಯ ತೊಟ್ಟಿಗೆ ಹಾಲಿನ ಪುಡಿ ಕಲಸಿದ ನೀರು ತುಂಬಿ, ಒಳಗೆ ಕಣ್ಣಿಗೆ ಕಾಣದಂತೆ ಪುಟ್ಟ ಕಟ್ಟೆ ಇಟ್ಟಿದ್ದರು. ಗೋಡೆಯ ಮೇಲಿನ ಕರಿ ಕಾಗದದ ತ್ರಿಕೋನ, ಚೌಕಗಳನ್ನು ಗುರುತು ಹಿಡಿದು ಇಲಿ ಈಜಿ ಆ ಕಟ್ಟೆ ಸೇರಬೇಕು. ಅರ್ಧ ಇಲಿಗಳಿಗೆ ಔಷಧಿ, ಉಳಿದವಕ್ಕೆ ಬರೀ ಉಪ್ಪುನೀರಿನ ಸೂಜಿ. ಒದ್ದೆಯಾದವನ್ನು ಒರೆಸಿ ಬೆಚ್ಚಗಿಡುವುದು ದುರುಗಕ್ಕನ ಪಾಲು.

ಮೂರು ದಿನ ಎಲ್ಲ ಸರಿಯಾಗಿತ್ತು. ನಾಲ್ಕನೇ ದಿನ ಔಷಧಿ ಪಡೆಯದ ಇಲಿಗಳೂ ದಿಕ್ಕುಗೆಟ್ಟು ಸುತ್ತತೊಡಗಿದವು. ಶಾಂತಲಾಳ ಕಣ್ಣು ತುಂಬಿತು.

"ಎಲ್ಲಾ ಹಾಳಾಯ್ತು ಅಕ್ಕಾ."

ದುರುಗಕ್ಕ ಟವೆಲ್ ಹಿಡಿದುಕೊಂಡೇ ಗೋಡೆ ನೋಡಿದಳು. "ಅಲ್ಲವ್ವಾ, ನಿನ್ನೆ ಸುಣ್ಣ ಹೊಡೆಯಾಕೆ ಬಂದಿದ್ರಲ್ಲ, ಕಾಗದ ತಿರುಗಿ ಅಂಟಿಸುವಾಗ ಅದಲುಬದಲು ಮಾಡ್ಯಾರೆ. ತ್ರಿಕೋನ ಕಿಟಕಿ ಕಡೆ ಇತ್ತು. ಪಾಪ, ಅವು ಹೆಂಗೆ ಹುಡುಕ್ತಾವೆ?"

ಶಾಂತಲಾ ಫೋನಿನಲ್ಲಿದ್ದ ಮೊದಲ ದಿನದ ಫೋಟೋ ತೆಗೆದು ನೋಡಿದಳು. ಅಕ್ಕ ಹೇಳಿದ್ದೇ ಸರಿ! ಅಳುತ್ತಿದ್ದವಳು ಅಲ್ಲೇ ನಕ್ಕುಬಿಟ್ಟಳು.

ಮಾರ್ಗದರ್ಶಕ ರೇಣುಕಪ್ರಸಾದ್ ಆದದ್ದನ್ನೆಲ್ಲ ಬರೆದಿಡಲು ಹೇಳಿ, ಹೊಸ ಇಲಿಗಳೊಡನೆ ಮೊದಲಿನಿಂದ ಶುರು ಮಾಡಿಸಿದರು. ಈ ಸಲ ಉಪ್ಪುನೀರಿನವು ಮೂರನೇ ದಿನಕ್ಕೆ ನೇರ ಕಟ್ಟೆಗೆ ಹೋದವು. ಔಷಧಿಯವು ಅಷ್ಟೇ ಜೋರಾಗಿ ಈಜಿದರೂ ಕಟ್ಟೆಯ ಜಾಗ ಕಲಿಯಲು ಐದು ದಿನ ತೆಗೆದುಕೊಂಡವು. ದುರುಗಕ್ಕ ಮಾತ್ರ ಅವನ್ನೇ ಹೆಚ್ಚು ಹೊತ್ತು ಒರೆಸುತ್ತಿದ್ದಳು.

ಪ್ರಬಂಧ ಅಚ್ಚಾಗಿ ಬಂದಾಗ ಶಾಂತಲಾ ಕೃತಜ್ಞತೆಯ ಪುಟ ತೆಗೆದು ದುರುಗಕ್ಕನ ಹೆಸರು ಓದಿದಳು. "ಇನ್ನೊಂದು ಸಲ ಓದವ್ವಾ" ಎಂದು ಮತ್ತೆ ಓದಿಸಿಕೊಂಡ ದುರುಗಕ್ಕ, ಸೆರಗಿನಲ್ಲಿ ಕೈ ಒರೆಸಿಕೊಂಡು ಆ ಪುಟ ಮುಟ್ಟಿದಳು.

"ಈಜಿದ್ದು ಅವು. ಅವುಗಳ ಹೆಸರು ಎಲ್ಲೈತೆ?"

ಶಾಂತಲಾಳ ಜೊತೆ ಅಲ್ಲೇ ಇದ್ದ ರೇಣುಕಪ್ರಸಾದ್ ಮೇಷ್ಟ್ರೂ ನಕ್ಕರು. ಅಂದು ಸಂಜೆಯ ಬಸ್ಸಿನಲ್ಲಿ ದುರುಗಕ್ಕ ಪಕ್ಕದ ಸೀಟಿನವರಿಗೆಲ್ಲ ತನ್ನ ಹೆಸರು ಪುಸ್ತಕದಲ್ಲಿ ಬಂದ ಸುದ್ದಿ ಹೇಳಿದಳು.