ತೊಳೆದುಹೋದ ಲಕ್ಷ್ಮಿಯ ಮುಖ

ಕೋವಿಡ್ ಕಳೆದ ಮರುವರ್ಷ. ಆಗ ನಾನು ಎರಡು ಪುಟ್ಟ ಅಂಗಡಿ ನಡೆಸುತ್ತಿದ್ದೆ. ಯಾದವಗಿರಿಯಲ್ಲಿ ಸ್ಟೇಷನರಿ, ಮಂಡಿ ಮೊಹಲ್ಲಾದಲ್ಲಿ ಪೂಜಾ ಸಾಮಾನು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ವಾಟರ್ ಕಲರ್ ಕಲಿಸಿದ್ದರು. ಮೈಸೂರು ಶೈಲಿಯ ಚಿತ್ರ ಬರೆಯಲು ಕಲಿತದ್ದು ಮದುವೆಯಾದ ಮೇಲೆ. ಪೂಜಾ ಅಂಗಡಿಯ ಹಿಂದಿನ ಕೋಣೆಯೇ ನನ್ನ ಸ್ಟುಡಿಯೋ. ಕೇಳಿದವರಿಗೆ ಕರ್ಪೂರ ಕೊಟ್ಟು, ಕೈ ತೊಳೆದು, ಮತ್ತೆ ಬ್ರಷ್ ಹಿಡಿಯಬೇಕಿತ್ತು. ಒಂದು ಗಂಟೆ ಪೂರ್ತಿ ನನ್ನದೆನ್ನುವುದು ಇರಲೇ ಇಲ್ಲ.

ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದಾಗ ಕುಂಬಾರಕೊಪ್ಪಲಿನ ಸವಿತ ಬಂದಳು. ಬತ್ತಿ, ಅರಿಶಿನಕ್ಕೆ ಬರುವ ಗಿರಾಕಿ. ಅಂದು ಅವಳ ಕೈಯಲ್ಲಿ ಹಳೆ ಸೀರೆ ಸುತ್ತಿದ ಪಟವಿತ್ತು.

"ಬೈಬೇಡಿ ಆಂಟಿ. ಹಿತ್ತಾಳೆ ದೀಪದ ಜೊತೆ ಇದನ್ನೂ ಹುಣಸೆಹಣ್ಣು ಹಾಕಿ ತಿಕ್ಬುಟ್ಟೆ. ಕರ್ರಗಿತ್ತು, ಬೆಳ್ಳಗಾಗುತ್ತೆ ಅನ್ಕೊಂಡೆ."

"ಬೆಳ್ಳಗಂತೂ ಆಗಿದೆ ಕಣಮ್ಮ," ಎಂದೆ. ಪಟದಲ್ಲಿ ಲಕ್ಷ್ಮಿಯ ಮುಖವಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಈ ಮೈಸೂರು ಶೈಲಿಯ ಚಿತ್ರಗಳಲ್ಲಿ ಒಡವೆಗಳನ್ನು ಗೋಂದು, ಬಿಳಿ ಪುಡಿ ಕಲಸಿ ಉಬ್ಬಿಸಿ ಬರೆದು, ಮೇಲೆ ಚಿನ್ನದ ರೇಕು ಅಂಟಿಸುತ್ತೇವೆ. ಇದಕ್ಕೆ ಗೆಸ್ಸೋ ಎನ್ನುತ್ತಾರೆ. ನೀರು ತಾಗಿದರೆ ಕರಗುತ್ತದೆ, ಬಣ್ಣವೂ ಅಷ್ಟೇ. ಪಟದ ಗಾಜು ಎಂದೋ ಒಡೆದಿತ್ತಂತೆ.

ಅದು ಸವಿತಳ ಅತ್ತೆ ಪುಟ್ಟಮ್ಮ ತವರಿನಿಂದ ತಂದದ್ದು. ಆಕೆ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು, ಹಬ್ಬಕ್ಕೆ ಡಿಸ್ಚಾರ್ಜ್. ಭಿನ್ನವಾದ ಪಟ ಮನೆಯಲ್ಲಿ ಬೇಡ, ಹೊಳೆಗೆ ಬಿಡು ಎಂದಿದ್ದನಂತೆ ಸವಿತಳ ಗಂಡ.

"ಅತ್ತೆ ಬರೋಷ್ಟರಲ್ಲಿ ಮುಖ ಬರ್ಬೇಕು ಆಂಟಿ. ದಿನಾ ಸಂಜೆ ಅದ್ರ ಜೊತೆ ಮಾತಾಡ್ತಾರೆ. ನನ್ ಜೊತೆನೂ ಅಷ್ಟು ಆಡಲ್ಲ."

ಫೋಟೋ ಕೇಳಿದೆ. ಮೊಬೈಲಿನಲ್ಲಿ ಒಂದೇ ಒಂದು ಇತ್ತು, ಮಗುವಿನ ನಾಮಕರಣದ್ದು. ಅದರಲ್ಲಿ ಲಕ್ಷ್ಮಿಯ ಮುಖದ ಮೇಲೆ ಸೇವಂತಿಗೆ ಹಾರ.

"ಝೂಮ್ ಮಾಡಿ ನೋಡಿ," ಎಂದಳು.

ಮಾಡಿದೆ. ಹೂವು ದೊಡ್ಡದಾಯಿತು.

"ಒಂದು ಲಕ್ಷ್ಮಿ ಬರೆದುಕೊಡ್ತೀನಿ. ನಿಮ್ಮತ್ತೆ ಲಕ್ಷ್ಮೀನ ಬರೆಯೋಕಾಗಲ್ಲ," ಎಂದೆ. ಅವಳು ಮೊದಲರ್ಧ ಮಾತ್ರ ಕೇಳಿಸಿಕೊಂಡಳು.

ಹಬ್ಬದ ವ್ಯಾಪಾರದ ನಡುವೆಯೇ ಪೂಜಾ ಅಂಗಡಿಯ ಶಟರ್ ಎಳೆದು ಕೂತೆ. ನಮ್ಮ ಪದ್ಧತಿಯಲ್ಲಿ ಕಣ್ಣು ಬರೆಯುವುದು ಕಡೆಗೆ; ಸ್ನಾನ ಮಾಡಿ, ಬರಿಹೊಟ್ಟೆಯಲ್ಲಿ. ಹಾಗೆಯೇ ಬರೆದೆ. ಹೇಳಿಕೊಳ್ಳಬಾರದು, ಬಟ್ ಇಟ್ ವಾಸ್ ಮೈ ಬೆಸ್ಟ್ ವರ್ಕ್.

ಪಟ ಒಪ್ಪಿಸಲು ನಾನೇ ಹೋದೆ. ಪುಟ್ಟಮ್ಮ ವಾಕರ್ ಹಿಡಿದು ದೇವರ ಗೂಡಿನವರೆಗೆ ಬಂದು, ತುಂಬಾ ಹೊತ್ತು ನೋಡಿದರು.

"ಚೆಂದಾಗದೆ ಕಣಮ್ಮ. ಯಾರ ಮನೇದು?"

ಸವಿತ ಅಳುತ್ತಾ ನಡೆದದ್ದೆಲ್ಲ ಹೇಳಿದಳು. ಮುದುಕಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಓಗ್ಲಿ ಬುಡು. ಇನ್ಮೇಲೆ ದೀಪ ನೀನೇ ಹಚ್ಚು," ಎಂದು ವಾಕರ್ ತಿರುಗಿಸಿಕೊಂಡು ಒಳಗೆ ಹೋದರು. ಆಮೇಲೆ ಆಕೆ ಸಂಜೆ ಯಾರೊಡನೆಯೂ ಮಾತಾಡುತ್ತಿಲ್ಲವೆಂದು ಸವಿತ ಬತ್ತಿಗೆ ಬಂದಾಗ ಹೇಳಿದಳು.

ಅಂಗಡಿಯಲ್ಲಿ ಕೇಳಿದ ಊದುಬತ್ತಿ ಇಲ್ಲದಿದ್ದರೆ ಇನ್ನೊಂದು ಕೊಡಬಹುದು. ಗಿರಾಕಿ ಗೊಣಗುತ್ತಾ ಒಯ್ಯುತ್ತಾನೆ. ನನ್ನ ಜೀವನ ನಡೆದದ್ದೇ ಹಾಗೆ. ಮುಖಗಳ ವಿಷಯದಲ್ಲಿ ಆ ವ್ಯಾಪಾರ ನಡೆಯುವುದಿಲ್ಲ. ಈಗ ಹಳೆಯ ಪಟ ತಂದವರಿಗೆ ಮೊದಲೇ ಹೇಳುತ್ತೇನೆ: ಒಡವೆ ಸರಿಮಾಡಿ ಕೊಡುತ್ತೇನೆ, ಮುಖ ಹೋಗಿದ್ದರೆ ಹಾಗೆಯೇ ಇರಲಿ. ಹೆಚ್ಚಿನವರು ಪಟ ಎತ್ತಿಕೊಂಡು ಬೇರೆಯವರಲ್ಲಿಗೆ ಹೋಗುತ್ತಾರೆ.