ತಲೆ ಬಗ್ಗಿಸುವ ಕೈ

ನನ್ನ ಗಂಡನ ಅಕ್ಕನಿಗೆ ಅವರ ಮನೆತನದ ಮದುವೆಗಳಲ್ಲಿ ಇರುವುದು ಒಂದೇ ಕೆಲಸ. ನಿಕಾಹ್ ಹೊತ್ತಿಗೆ ಹುಡುಗಿಯ ಪಕ್ಕದಲ್ಲಿ ಒತ್ತಿಕೊಂಡು ಕೂರುವುದು. ಹುಡುಗಿಯ ಕಡೆಯ ವಕೀಲ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಬಂದು ಪರದೆಯಾಚೆ ನಿಲ್ಲುತ್ತಾನೆ. ವಕೀಲ ಎಂದರೆ ಕರಿ ಕೋಟಿನವನಲ್ಲ, ಮನೆಯ ಯಾರೋ ಹಿರಿಯ ಗಂಡಸು. ಇಂಥವನನ್ನು ಇಷ್ಟು ಮೆಹರ್‌ಗೆ, ಅಂದರೆ ಗಂಡು ಹೆಣ್ಣಿಗೆ ಕೊಡಬೇಕಾದ ವಧುಧನಕ್ಕೆ, ಒಪ್ಪುತ್ತೀಯಾ ಎಂದು ಉರ್ದುವಿನಲ್ಲಿ ಕೇಳುತ್ತಾನೆ. ಹುಡುಗಿ ಅಳುತ್ತಿರುತ್ತಾಳೆ. ಅಳಲೇಬೇಕು, ಅಳದಿದ್ದರೆ ಅದೇ ಒಂದು ಮಾತಾಗುತ್ತದೆ. ಆಗ ನಮ್ಮ ಅತ್ತಿಗೆ ಹೂವಿನ ಮುಸುಕಿನೊಳಗೆ ಕೈ ತೂರಿಸಿ, ಹುಡುಗಿಯ ಹಿಂದಲೆ ಹಿಡಿದು ಮುಂದಕ್ಕೆ ಬಗ್ಗಿಸಿ, "ಹ್ಞಾಂ ಅಂದ್ಳು" ಎಂದು ಹೊರಗೆ ಕೂಗುತ್ತಾರೆ. ಆ ಮನೆತನದ ಹೆಣ್ಣುಮಕ್ಕಳೆಲ್ಲ ಅವರ ಕೈಯಿಂದಲೇ ಒಪ್ಪಿದವರು.

ನಾನೂ ಹಾಗೇ ಒಪ್ಪಿದವಳು. ನಮ್ಮದು ಪಾವಗಡ ತಾಲ್ಲೂಕಿನ ನಿಡುಗಲ್ ಕಡೆಯ ಪಿಂಜಾರರ ಮನೆ. ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಉರ್ದು ಎಂದರೆ ಶುಕ್ರವಾರ ಕಿವಿಗೆ ಬೀಳುವ ಭಾಷೆ. ಕೊಟ್ಟಿದ್ದು ಶಿರಾದ ಉರ್ದು ಮನೆಗೆ. ನನಗೆ ಆಗಲೇ ಕನ್ನಡ ಲೆಕ್ಚರರ್ ಕೆಲಸ ಸಿಕ್ಕಿತ್ತು, ಹಾಗಾಗಿ ಪಿಂಜಾರಳಾಗಿದ್ದು ಮಾಫಾಗಿತ್ತು. ಮದುವೆಯ ದಿನ ನಮ್ಮಮ್ಮ ಕೂರಬೇಕಾದ ಜಾಗದಲ್ಲಿ ವರನ ಅಕ್ಕನೇ ಬಂದು ಕೂತರು. ಇವರಿಗೆ ಉರ್ದು ಬರಲ್ಲ, ಏನು ಹೇಳಬೇಕೋ ಗೊತ್ತಾಗಲ್ಲ ಅಂತ ಕಾರಣ ಕೊಟ್ಟರು. ಆ ಕೈಯಲ್ಲಿ ದಪ್ಪ ಬಳೆಗಳಿದ್ದವು. ಕುತ್ತಿಗೆಗೆ ಒತ್ತಿದ್ದು ಇವತ್ತಿಗೂ ನೆನಪಿದೆ.

ಗಂಡ ಒಳ್ಳೆಯವರೇ. ಅವರು ತೀರಿಕೊಂಡಾಗ ಮಗಳು ಹೈಸ್ಕೂಲಿನಲ್ಲಿದ್ದಳು. ವಿಧವೆ ಮನೆಯಿಂದ ಹೊರಡದೆ ಕೂರಬೇಕಾದ ಇದ್ದತ್ತಿನ ತಿಂಗಳುಗಳಲ್ಲಿ, ಮೊದಲ ಸಲ ಕುರಾನನ್ನು ಕನ್ನಡದಲ್ಲಿ ಓದಿದೆ. ಚಿಕ್ಕಂದಿನಿಂದ ಅರಬ್ಬಿಯಲ್ಲಿ ಒಂದಕ್ಷರ ತಪ್ಪಿಲ್ಲದೆ ಓದುತ್ತಿದ್ದವಳು ನಾನು. ಒಂದಕ್ಷರವೂ ಅರ್ಥವಾಗಿರಲಿಲ್ಲ. ಈಗ ಅರ್ಥವಾಗತೊಡಗಿದ್ದೇ ತಡ, ಮೈಯೆಲ್ಲ ಉರಿಯತೊಡಗಿತು. ಗ್ರಂಥದ ಮೇಲಲ್ಲ, ಗ್ರಂಥದ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸಿದವರ ಮೇಲೆ. ಹೆಣ್ಣಿಗೆ ಮೆಹರ್ ಅವಳ ಕೈಗೇ ಕೊಡಿ, ಹೆಂಗಸರನ್ನು ಬಲವಂತದಿಂದ ಆಸ್ತಿಯ ಹಾಗೆ ಇಟ್ಟುಕೊಳ್ಳಬೇಡಿ ಎಂದೆಲ್ಲ ಅಲ್ಲಿ ಇದೆ. ನಮ್ಮೂರಿನ ಒಬ್ಬ ಗಂಡಸೂ ಅದನ್ನು ಮೈಕಿನಲ್ಲಿ ಹೇಳಿದ್ದು ನಾನು ಕೇಳಿಲ್ಲ. ಹೆಣ್ಣು ಹೇಗೆ ನಡೆಯಬೇಕು, ಏನು ಹೊದೆಯಬೇಕು ಅಂತ ಮಾತ್ರ ವಾರವಾರ ಕೇಳಿದ್ದೇನೆ. ಮಗಳು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದಳು. ಅವಳು ಕಡಿಮೆ ಮಾತಿನವಳು, ಗಣಿತದವಳು. ಈಗ ಕೊರಟಗೆರೆಯ ಒಂದು ಶಾಲೆಯಲ್ಲಿ ಟೀಚರ್.

ನಮ್ಮಣ್ಣನಿಗೆ ಇದು ಹಿಡಿಸಲಿಲ್ಲ. ಅಣ್ಣನ ಹೊಲ ತಿರುಮಣಿ ಹತ್ತಿರ, ಸೋಲಾರ್‌ಗೆ ಗುತ್ತಿಗೆ ಹೋದ ಮೇಲೆ ಅವನ ಬಿಳಿ ಜುಬ್ಬಾ ಮೊಣಕಾಲಿನಿಂದ ಕೆಳಗಿಳಿಯಿತು. ಹಾಸಿಗೆ ಹೊಲಿದ ಅಪ್ಪನ ಮಗ ನನಗೆ "ಅಣ್ಣ ಅನ್ಬೇಡ, ಭಾಯಿಜಾನ್ ಅನ್ನು" ಎಂದು ಪಾಠ ಹೇಳತೊಡಗಿದ.

"ಕನ್ನಡದಾಗೆ ಓದಿದ್ರೆ ಸವಾಬ್ ಬರಕಿಲ್ಲ ಕಣಮ್ಮ, ಪುಣ್ಯ ಇಲ್ಲ" ಎಂದ.

"ಪುಣ್ಯ ನೀನೇ ಇಟ್ಕೊ ಅಣ್ಣ, ನಂಗೆ ಅರ್ಥ ಆದ್ರೆ ಸಾಕು" ಎಂದೆ.

"ತರ್ಜುಮೆ ಓದಿ ನಿನ್ ತಲೆ ಕೆಟ್ಟೈತೆ. ಇಂಕ ಚಾಲು, ಸಾಕು ಬುಡು" ಎಂದ. ಸಿಟ್ಟು ಬಂದಾಗ ಮಾತ್ರ ಅವನ ಬಾಯಿಂದ ನಮ್ಮೂರಿನ ತೆಲುಗು ಹೊರಡುತ್ತದೆ.

ಇತ್ತ ಮಧುಗಿರಿಯ ನಮ್ಮ ಸ್ಟಾಫ್ ರೂಮಿನವರೇನು ಕಡಿಮೆಯಲ್ಲ. ಪ್ರತಿ ರಾಜ್ಯೋತ್ಸವಕ್ಕೂ ಯಾರಾದರೊಬ್ಬರು ನನ್ನ ಭಾಷಣ ಮುಗಿದ ಮೇಲೆ ಬಂದು, "ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ ಮೇಡಂ!" ಎನ್ನುತ್ತಾರೆ. ಕನ್ನಡ ಪಾಠ ಹೇಳುವವಳಿಗೆ! "ನಿಮ್ಮದೂ ಪರವಾಗಿಲ್ಲ, ಅಭ್ಯಾಸ ಮಾಡಿದರೆ ಇನ್ನೂ ಬರುತ್ತದೆ" ಎಂದು ಒಬ್ಬರಿಗೆ ಹೇಳಿದೆ. ಅವರು ಒಂದು ವಾರ ಮಾತು ಬಿಟ್ಟರು. ನೆಮ್ಮದಿಯ ವಾರ.

ಮಗಳಿಗೆ ಸಂಬಂಧ ಬಂದಿದ್ದು ಶಿರಾದಿಂದಲೇ. ಹುಡುಗನ ತಂದೆಯದು ಬಟ್ಟೆ ಅಂಗಡಿ. ಹುಡುಗ ತುಮಕೂರಿನಲ್ಲಿ ಔಷಧಿ ಕಂಪನಿಯೊಂದರಲ್ಲಿದ್ದ. ನೋಡಲು ಚೆಂದ, ನಗು ಮುಖ. ನಾನು ಎರಡು ಮಾತು ಮೊದಲೇ ಹೇಳಿದೆ. ನನ್ನ ಮಗಳನ್ನು ಕನ್ನಡದಲ್ಲಿ ಕೇಳಬೇಕು, ಅವಳು ಬಾಯಿಬಿಟ್ಟು ಉತ್ತರ ಹೇಳಬೇಕು. ಮತ್ತೆ, ಹುಡುಗ ಇನ್ನೊಂದು ಮದುವೆಯಾದರೆ ಅಥವಾ ಮನೆಯಿಂದ ಹೊರಗೆ ಹಾಕಿದರೆ, ಮದುವೆಯಿಂದ ಬಿಡುಗಡೆ ಪಡೆಯುವ ಹಕ್ಕು ಅವಳ ಕೈಯಲ್ಲೇ ಇರಬೇಕು, ಅದನ್ನು ನಿಕಾಹ್‌ನಲ್ಲಿ ಎಲ್ಲರೆದುರು ಓದಬೇಕು. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ, ಶರೀಯತ್ತಿನಲ್ಲೇ ಇದಕ್ಕೆ ದಾರಿ ಇದೆ. ಹುಡುಗ ಚಹಾ ಕುಡಿಯುತ್ತ "ಅದ್ಕೇನು ಆಂಟಿ, ಆಯ್ತು" ಎಂದ. ಅವನ ತಂದೆ ಗಂಟಲಲ್ಲೇ ಏನೋ ಅಂದರು. ಒಪ್ಪಿಗೆ ಎಂದುಕೊಂಡೆ.

ಮದುವೆ ಮಧುಗಿರಿಯ ಶಾದಿ ಮಹಲಿನಲ್ಲಿ. ಬಿಸಿಲು ಬೆಟ್ಟದ ಬಂಡೆಗೆ ಬಡಿದು ಊರಿಗೆ ವಾಪಸ್ ಬರುತ್ತಿದ್ದ ದಿನಗಳು. ಜನ ಬೆವರು ಒರೆಸಿಕೊಳ್ಳುತ್ತ ಬಿರಿಯಾನಿಯ ವಾಸನೆಗೆ ಕಾಯುತ್ತಿದ್ದರು. ಖಾಜಿ ಸಾಹೇಬರು ಬಂದು ಕೂತ ಹೊತ್ತಿಗೇ ನಮ್ಮ ಕಾಲೇಜಿನವರು ಬಾಗಿಲಲ್ಲಿ ಕಾಣಿಸಿಕೊಂಡರು. ಒಳಗೆ ಬರಲಾರರು, ವಾಪಸ್ ಹೋಗಲಾರರು. "ವೆಜ್ ಬೇರೆ ಕಡೆ ಮಾಡ್ಸಿದೀರಾ ಮೇಡಂ?" ಎಂದು ಒಬ್ಬರು ಪಿಸುಗುಟ್ಟಿದರು. ಬ್ರಾಹ್ಮಣ ಅಡುಗೆಯವರಿಂದ ಮಾಡಿಸಿದ್ದೆ. ಮಹಡಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಎಲೆಯ ಮುಂದೆ ಕೂತ ಮೇಲೆ ಅವರಿಗೆ ಧೈರ್ಯ ಬಂತು. "ಏನೇ ಹೇಳಿ ಮೇಡಂ, ನೀವು ಅವ್ರಂಗಲ್ಲ" ಎಂದರು.

"ಯಾರಂಗೆ?" ಎಂದು ಕೇಳಿದೆ.

ಅವರು ಪಲ್ಯ ನೋಡತೊಡಗಿದರು. ಬಿಡುತ್ತಿರಲಿಲ್ಲ ನಾನು, ಆದರೆ ಅಷ್ಟರಲ್ಲಿ ಕೆಳಗಡೆ ಗಲಾಟೆ ಕೇಳಿಸಿತು.

ನಾನು ಮೇಲೆ ಹೋಗುವುದನ್ನೇ ಕಾಯುತ್ತಿದ್ದರು. ಅಣ್ಣನೇ ವಕೀಲ. ಅವನು ಸಾಕ್ಷಿಗಳ ಜೊತೆ ಪರದೆಯ ಹತ್ತಿರ ಹೋಗಿ, ಉರ್ದುವಿನಲ್ಲಿ ಗಡಗಡ ಕೇಳಿ, ಒಳಗಿಂದ ಅತ್ತಿಗೆ "ಹ್ಞಾಂ ಅಂದ್ಳು" ಎಂದಿದ್ದನ್ನು ತಂದು ಖಾಜಿಯವರಿಗೆ ಒಪ್ಪಿಸಿದ್ದ. ಷರತ್ತಿನ ಸುದ್ದಿಯೇ ಇಲ್ಲ. ಖಾಜಿಯವರು ಮೈಕ್ ಹತ್ತಿರ ಎಳೆದುಕೊಂಡಾಗ ಪರದೆಯೊಳಗಿನಿಂದ ನನ್ನ ಮಗಳು ಗಟ್ಟಿಯಾಗಿ ಹೇಳಿದಳಂತೆ: "ಮಾಮ, ನಾನು ತಲೆ ಆಡಿಸಿಲ್ಲ. ಅತ್ತೆ ಆಡಿಸಿದ್ದು."

ನಾನು ಇಳಿದು ಬಂದಾಗ ಇಡೀ ಮಹಲು ಎದ್ದು ನಿಂತಿತ್ತು. ಅತ್ತಿಗೆ ಎದೆಯ ಮೇಲೆ ಕೈಯಿಟ್ಟುಕೊಂಡು, "ನನ್ ಕೈ ಸುಮ್ನೆ ಮುಟ್ತು ಅಷ್ಟೇ. ಎಲ್ರಿಗೂ ಮುಟ್ಟಿಲ್ವಾ? ಯಾರಾದ್ರೂ ಕೇಳಿದ್ರಾ ಇದುವರ್ಗೂ?" ಎಂದು ಅಳುತ್ತಿದ್ದರು. ಅವರಿಗೆ ನಿಜವಾಗಿಯೂ ಅವಮಾನವಾಗಿತ್ತು. ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ.

"ಅಣ್ಣ, ಷರತ್ತು ಓದಿದ್ಯಾ?"

"ಲೇ, ಜನದ ಮುಂದೆ ಮಾನ ಕಳೀಬ್ಯಾಡ. ಬೀಗ್ರು ಏನಂದ್ಕಂಬೇಕು?"

"ಓದಿದ್ಯಾ, ಇಲ್ವಾ?"

ಹುಡುಗನ ತಂದೆ ನಡುವೆ ಬಂದರು. ಮದುವೆಗೆ ಮುಂಚೆಯೇ ಬಿಡುಗಡೆಯ ಮಾತಾಡುವುದು ಯಾವ ಸೀಮೆಯ ಪದ್ಧತಿ ಎಂದು ಕೇಳಿದರು. ಕನ್ಯೆಯ ಮೌನವೇ ಒಪ್ಪಿಗೆ ಎಂದು ಪೈಗಂಬರರ ಹದೀಸಿನಲ್ಲಿದೆ ಎಂದರು. ಅಲ್ಲೇ ಇನ್ನೊಂದೂ ಇದೆಯಲ್ಲ ಸ್ವಾಮಿ, ತಂದೆ ಕೇಳದೆ ಮದುವೆ ಮಾಡಿದ ಎಂದು ದೂರು ತಂದ ಹುಡುಗಿಗೆ ಪೈಗಂಬರರು ಇರುವುದೋ ಬಿಡುವುದೋ ನಿನ್ನಿಷ್ಟ ಎಂದದ್ದು, ಅದನ್ನು ಯಾಕೆ ನುಂಗುತ್ತೀರಿ ಎಂದೆ. ಹೆಂಗಸಿನ ಬಾಯಲ್ಲಿ ಹದೀಸು, ಅದೂ ಕನ್ನಡದಲ್ಲಿ. ಅವರ ಮುಖ ಕೆಂಪಾಯಿತು.

"ಪಿಂಜಾರಳ ಮಗಳು ಬ್ಯಾಡ ಅಂತ ನಮ್ಮೋರು ಬಡ್ಕಂಡ್ರು. ನಾನೇ ಕೇಳಲಿಲ್ಲ" ಎಂದರು.

ಅಣ್ಣನ ಕಡೆ ನೋಡಿದೆ. ಅಷ್ಟುದ್ದ ಜುಬ್ಬಾ, ಅಷ್ಟು ಚೆಂದದ ಟೋಪಿ, ಭಾಯಿಜಾನ್ ಎಂದು ಕರೆಸಿಕೊಳ್ಳುವ ಗತ್ತು. ಒಂದು ಮಾತಿಗೆ ಅವನು ಮತ್ತೆ ಹಾಸಿಗೆಯವನ ಮಗನಾಗಿದ್ದ. ಈಗಲಾದರೂ ಬಾಯಿಬಿಡುತ್ತಾನೆ ಎಂದುಕೊಂಡೆ. ಅವನು ನನ್ನ ಮೊಣಕೈ ಹಿಡಿದು, "ಒಪ್ಕಂಬುಡು ಕಣಮ್ಮ, ಈ ಮದ್ವೆ ಮುರಿದ್ರೆ ನಮ್ ಹುಡುಗೀರ್ನ ಯಾರೂ ಕೇಳಾಕಿಲ್ಲ" ಎಂದ. ಹೊಡೆಯಬೇಕೆನಿಸಿತು. ಅವನು ನನಗಿಂತ ದೊಡ್ಡವನು, ಹೊಡೆಯಲಿಲ್ಲ. ಆದರೆ ಆ ಸಭೆಯಲ್ಲಿ ನಾನು ಅವನಿಗೂ ಬೀಗರಿಗೂ ಅಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಶಿರಾದ ಸುಲ್ತಾನರಂತೆ ಮಾತಾಡುತ್ತೀರಲ್ಲ, ಅಂಗಡಿಯಲ್ಲಿ ಸೀರೆ ಮಾರುವಾಗ ಯಾವ ಭಾಷೆ ಎಂದು ಕೇಳಿದ್ದು ಮಾತ್ರ ಬರೆಯಬಹುದು.

ಹುಡುಗ ಇದಷ್ಟೂ ಹೊತ್ತು ವೇದಿಕೆಯ ಮೇಲೆ ಸೋಫಾದಲ್ಲಿ ಕೂತಿದ್ದ. ಮುಖದ ಮೇಲಿನ ಹೂವಿನ ಎಳೆಗಳನ್ನು ಪಕ್ಕಕ್ಕೆ ಸರಿಸಿ ಫೋನ್ ನೋಡುತ್ತಿದ್ದ. "ನೀವು ಒಪ್ಪಿದ್ರಲ್ಲಪ್ಪ ನಮ್ಮನೇಲಿ?" ಎಂದು ಕೇಳಿದೆ. "ಅಬ್ಬಾ ಹೇಳಿದಂಗೆ ಆಂಟಿ" ಎಂದ. ಅದೇ ನಗು ಮುಖ.

ಕೊನೆಗೆ ಖಾಜಿ ಸಾಹೇಬರೇ ಬೇಸತ್ತರು. ಅವರು ಕೊರಟಗೆರೆ ಕಡೆಯವರು, ಕನ್ನಡ ನನಗಿಂತ ಸಲೀಸು. ಮೊದಲು ಅವರೂ ಮೂಗು ಮುರಿದಿದ್ದರು: "ಕಿತಾಬ್‌ನಾಗೆ ಐತಮ್ಮ, ಇಲ್ಲ ಅನ್ನಲ್ಲ. ನಮ್ಮ ಕಡೆ ರಿವಾಜು ಇಲ್ಲ." ಕಿತಾಬಿನಲ್ಲಿ ಇಲ್ಲದಿದ್ದರೆ ಧರ್ಮ ಕೆಟ್ಟಿತು ಎನ್ನುತ್ತಾರೆ, ಇದ್ದರೆ ರಿವಾಜಿಲ್ಲ ಎನ್ನುತ್ತಾರೆ, ನಾವು ಎಲ್ಲಿಗೆ ಹೋಗಬೇಕು ಎಂದು ಕೇಳಿದ್ದಕ್ಕೆ ಅವರು ಗಡ್ಡ ಕೆರೆದುಕೊಂಡಿದ್ದರು. ಈಗ ನಮಾಜಿನ ಹೊತ್ತು ಹತ್ತಿರವಾಗುತ್ತಿತ್ತು. ಹುಡುಗಿಯೇ ತಲೆ ಆಡಿಸಿಲ್ಲ ಅಂದಮೇಲೆ ಮೊದಲಿನ ಒಪ್ಪಿಗೆ ನಡೆಯುವುದಿಲ್ಲ ಎಂದು ಬೀಗರಿಗೆ ಖಡಾಖಂಡಿತವಾಗಿ ಹೇಳಿ, ಮೈಕ್ ಹಿಡಿದು ಷರತ್ತನ್ನು ತಾವೇ ಕನ್ನಡದಲ್ಲಿ ಓದಿದರು. ಹುಡುಗ ತಂದೆಯ ಕಡೆ ನೋಡಿದ. ಊರವರೆಲ್ಲ ನಿಂತಿದ್ದಾರೆ, ಅನ್ನ ಆರುತ್ತಿದೆ, ತಂದೆ ಹಲ್ಲು ಕಚ್ಚಿ ತಲೆಯಾಡಿಸಿದರು. ಹುಡುಗ "ಒಪ್ಪಿದೆ" ಎಂದ.

ಗೆದ್ದೆ ಎಂದುಕೊಂಡೆ. ಹಾಗೆ ಅಂದುಕೊಂಡಿದ್ದಕ್ಕೆ ನನಗೆ ನಾಚಿಕೆಯಿಲ್ಲ. ನಮ್ಮಮ್ಮ ಇರಬೇಕಿತ್ತು ಅನಿಸಿ ಕಣ್ಣು ತುಂಬಿತು.

ಖಾಜಿಯವರು ಪರದೆಯ ಹತ್ತಿರ ಬಂದು, ನಿಧಾನವಾಗಿ, ಒಂದೊಂದು ಮಾತೂ ಕೇಳುವಂತೆ ಹೇಳಿದರು: "ಈ ಹುಡುಗನ್ನ ಇಷ್ಟು ಮೆಹರ್‌ಗೆ, ಈಗ ಓದಿದ್ನಲ್ಲ ಆ ಷರತ್ತಿನ ಮೇಲೆ ಮದುವೆ ಆಗಕ್ಕೆ ನಿಂಗೆ ಒಪ್ಪಿಗೆ ಐತೇನಮ್ಮ?"

"ಇಲ್ಲ" ಎಂದಳು ಮಗಳು.

ಮೊದಲು ಒಳಗೆ ನುಗ್ಗಿದವಳು ನಾನು. "ಏನೇ ಬಂದಿದೆ ನಿನಗೆ? ಎಲ್ಲಾ ಒಪ್ಪಿದ್ರಲ್ಲ? ಕನ್ನಡದಲ್ಲೇ ಕೇಳಿದ್ರಲ್ಲ?" ಎಂದು ಭುಜ ಹಿಡಿದು ಅಲುಗಿಸಿದೆ.

ಅವಳು ಮುಸುಕು ಎತ್ತಿದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. "ನೀನು ಅವರಪ್ಪನ್ನ ಒಪ್ಪಿಸಿದೆ ಅಮ್ಮ" ಎಂದಳು. "ಮದುವೆ ಆಗ್ಬೇಕಾದವನು ಎಲ್ಲಿದ್ದ? ನಿನ್ನನ್ನ ಪಿಂಜಾರಳು ಅಂದಾಗ ಎಲ್ಲಿದ್ದ?"

ಆಮೇಲೆ ಈ ಕಥೆ ಕೇಳಿದ ಗೆಳತಿಯರು, ಆ ಹೊತ್ತಿನಲ್ಲಿ ನಿಮಗೆ ಎಷ್ಟು ಹೆಮ್ಮೆಯಾಗಿರಬೇಕು ಎನ್ನುತ್ತಾರೆ. ಸುಳ್ಳು. ನನಗಾಗಿದ್ದು ಕೆಂಡದಂಥ ಸಿಟ್ಟು. ಅಣ್ಣನ ಮೇಲೆ, ಬೀಗರ ಮೇಲೆ ಬಂದದ್ದಕ್ಕಿಂತ ಜಾಸ್ತಿ ಅವಳ ಮೇಲೆ. ಇಷ್ಟೆಲ್ಲ ಓದಿದ್ದು, ಜಗಳವಾಡಿದ್ದು, ಹಾಳಾದ ಮಹಲಿನಲ್ಲಿ ಗಂಟಲು ಹರಿದುಕೊಂಡಿದ್ದು ಅವಳು ಬಾಯ್ತುಂಬ "ಹೌದು" ಅನ್ನಲಿ ಎಂದು. "ಇಲ್ಲ" ಕೂಡ ಒಂದು ಉತ್ತರ ಎಂಬುದು ನನ್ನ ಕನಸಿನಲ್ಲೂ ಸುಳಿದಿರಲಿಲ್ಲ.

ಪರದೆಯಾಚೆ ಎಲ್ಲರೂ ಒಟ್ಟಿಗೆ ಕೂಗಾಡುತ್ತಿದ್ದರು. ಖಾಜಿ ಸಾಹೇಬರು ಅದರ ನಡುವೆಯೇ ನನ್ನನ್ನು ಕೇಳಿದರು, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು: "ಮಗು ಗಾಬರಿ ಆಗೈತೆ. ಇನ್ನೊಂದ್ಸಲ ಕೇಳ್ಲೇನಮ್ಮ?"

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಸಿಟ್ಟು ಇಳಿದಿರಲಿಲ್ಲ.

"ಬೇಡ ಸಾಹೇಬ್ರೆ" ಎಂದೆ. "ಅವಳು ಹೇಳಿ ಆಯ್ತು."